ಟ್ಯಾಪ್ ಮುರಿಯುವ ಮುನ್ನ

ನಮ್ಮ ಬೀದಿಯಲ್ಲಿ ಯಾರ ಮನೆಯ ಬಾಗಿಲೂ ಕಿರ್ ಅನ್ನುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಮಾವ. ಬೆಳಿಗ್ಗೆ ವರ್ಕ್‌ಶಾಪಿಗೆ ಹೊರಟರೆ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಉದ್ದ ಮೂತಿಯ ಎಣ್ಣೆ ಕ್ಯಾನು. ದಾರಿಯಲ್ಲಿ ಯಾವ ಗೇಟು ಕಿರುಗುಟ್ಟಿದರೂ ಮನೆಯವರನ್ನು ಒಂದು ಮಾತು ಕೇಳದೆ ಎರಡು ಹನಿ ಬಿಟ್ಟು ಮುಂದೆ ಹೋಗುತ್ತಿದ್ದರು. ಬೀದಿಯವರು ಅವರಿಗೆ ಎಣ್ಣೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹೊಸದಾಗಿ ಬಂದ ಬಾಡಿಗೆಯವರೊಬ್ಬರು ಕಳ್ಳನೆಂದು ಕೂಗಿಕೊಂಡಾಗ, "ಅಲ್ಲಮ್ಮ, ಇಷ್ಟು ಸದ್ದು ಮಾಡೋ ಗೇಟಿಗೆ ಯಾವ ಕಳ್ಳ ಬರ್ತಾನೆ?" ಎಂದು ಅವರನ್ನೇ ಗದರಿಸಿ ಬಂದಿದ್ದರು.

ಮಾವನ ಕಸುಬು ಗಡಸು ಉಕ್ಕಿನ ತೂತಿನೊಳಗೆ ಥ್ರೆಡ್ ಕೊರೆಯುವುದು. ಬೋಲ್ಟು ತಿರುಗಿ ಕೂರಬೇಕಾದರೆ ತೂತಿನ ಒಳಮೈಯಲ್ಲಿ ಸುರುಳಿ ಗೆರೆ ಬೇಕಲ್ಲ, ಅದು. ಮೆತ್ತನೆಯ ಕಬ್ಬಿಣವಾದರೆ ಯಾರು ಬೇಕಾದರೂ ಮಾಡಿಯಾರು. ಅದಕ್ಕೇ ಬುದ್ಧಿಯಿದ್ದವರು ಮೊದಲು ಥ್ರೆಡ್ ಕೊರೆದು, ಆಮೇಲೆ ಉಕ್ಕನ್ನು ಕಾಯಿಸಿ ಹದ ಮಾಡುತ್ತಾರೆ. ನಮ್ಮಲ್ಲಿಗೆ ಬರುವುದು ಮರೆತವರ ಮಾಲು, ಅವಸರದವರ ಮಾಲು. ಹದ ಹಿಡಿದ ಉಕ್ಕು ಯಾರ ಮಾತನ್ನೂ ಕೇಳುವುದಿಲ್ಲ. ಥ್ರೆಡ್ ಕೊರೆಯುವ ಟ್ಯಾಪ್ ಬೆರಳುದ್ದದ್ದು, ಆ ಉಕ್ಕಿಗಿಂತಲೂ ಗಟ್ಟಿ, ಆದರೆ ಗಾಜಿನ ಜಾತಿ. ಒಂದಿಷ್ಟು ಹೆಚ್ಚು ತಿರುಗಿಸಿದರೆ ಟಕ್ಕೆಂದು ತೂತಿನೊಳಗೇ ಮುರಿದು ಕೂರುತ್ತದೆ. ಮುರಿಯುವ ಮುನ್ನ ಸಣ್ಣಗೆ ಕಿರುಚುತ್ತದೆ. ಮಾವ ಕಣ್ಣು ಮುಚ್ಚಿ ಆ ಸದ್ದಿಗೆ ಕಾಯುತ್ತ ಟ್ಯಾಪ್ ತಿರುಗಿಸುವರು. ಕೇಳಿಸಿತೋ, ಅರ್ಧ ಸುತ್ತು ಹಿಂದಕ್ಕೆ, ಪುಡಿ ಕೊಡವಿ, ಎಣ್ಣೆ ಬಿಟ್ಟು ಮತ್ತೆ ಮುಂದಕ್ಕೆ.

ನಾನು ಸೊಸೆಯಾಗಿ ಬಂದಾಗ ನಟ್ಟು ಯಾವುದು ಬೋಲ್ಟು ಯಾವುದು ಎಂದೇ ತಿಳಿದಿರಲಿಲ್ಲ. ಮನೆಯಲ್ಲಿ ಕೂತು ಕೂತು ಅತ್ತೆಯ ತಲೆ ತಿನ್ನುತ್ತಿದ್ದೆ. "ಇವಳನ್ನ ನಿಮ್ಮ ಜೊತೆ ಕರ್ಕೊಂಡು ಹೋಗಿ, ಪುಣ್ಯ ಬರುತ್ತೆ" ಎಂದು ಅವರೇ ನನ್ನನ್ನು ಸಾಗಹಾಕಿದರು. ಮಾವ ನನ್ನ ಕೈಗೆ ಅಳತೆಯ ಬೋಲ್ಟುಗಳನ್ನು ಕೊಟ್ಟು, ಮುಗಿದ ಕೆಲಸವನ್ನೆಲ್ಲ ಪರೀಕ್ಷಿಸಲು ಕೂರಿಸಿದರು. ತಮ್ಮದನ್ನೂ ಬಿಡಬೇಡ ಎಂದರು. ನಾನಾದರೂ ಬಿಡುವವಳೇ? ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು. ಅಲ್ಲಿಂದ ನಾನು ಇನ್ಸ್‌ಪೆಕ್ಟರಮ್ಮ ಆದೆ.

ಅಂಥ ಮಾವನ ಕೈಯಲ್ಲಿ ಒಂದು ಸಲ ಟ್ಯಾಪುಗಳು ಮುರಿಯತೊಡಗಿದವು. ಮೊದಲನೆಯದಕ್ಕೆ ಕೆಟ್ಟ ಮಾಲು ಎಂದು ಅಂಗಡಿಯವನಿಗೆ ಬೈದರು. ಇನ್ನೊಂದು ಮುರಿದಾಗ ಎಣ್ಣೆ ತೆಳುವಾಯಿತೆಂದು ಬೇರೆ ಎಣ್ಣೆ ತರಿಸಿದರು. ಮತ್ತೊಂದು ಮುರಿಯಿತು. ತೂತು ಬಿಗಿಯಾಯಿತೆಂದು ಕೂದಲೆಳೆಯಷ್ಟು ಹೆಚ್ಚು ದಪ್ಪನೆಯ ಡ್ರಿಲ್ ಹಾಕಿ ನೋಡಿದರು. ಟ್ಯಾಪ್ ಓರೆಯಾಗಿ ಇಳಿಯುತ್ತಿದೆಯೇನೋ ಎಂದು ಮೂಲೆಮಟ್ಟ ಹಿಡಿದು ನೋಡಿದರು, ನೆಟ್ಟಗೇ ಇತ್ತು. ಕೊನೆಗೆ ಹದ ಮಾಡುವವನಿಗೆ ಫೋನು ಮಾಡಿ, "ಏನಯ್ಯಾ, ಉಕ್ಕು ಹದ ಮಾಡಿದ್ಯಾ ಇಲ್ಲ ವಜ್ರ ಮಾಡಿದ್ಯಾ?" ಎಂದು ಕೂಗಾಡಿ, ಅವನು ಉತ್ತರ ಹೇಳುತ್ತಿದ್ದ ಹಾಗೆಯೇ ಫೋನು ಇಟ್ಟುಬಿಟ್ಟರು. ಅವನದು ಕೀರಲು ದನಿ, ಪಾಪ. ಆಚೆಯಿಂದ ಇನ್ನೂ ಮಾತಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ನನ್ನ ಗಂಡ ಅದೇ ಶೆಡ್ಡಿನಲ್ಲಿ ಲೇತ್ ಯಂತ್ರ ನಡೆಸುವವರು. ಯಾರ ಮನಸ್ಸನ್ನೂ ನೋಯಿಸುವ ಜಾತಿಯವರಲ್ಲ. ಅವರೇ ಊಟದ ಹೊತ್ತಿಗೆ ಧೈರ್ಯ ಮಾಡಿ ಬಾಯಿ ಬಿಟ್ಟರು. "ಅಪ್ಪಾ, ಗಡಸು ಕೆಲಸನೆಲ್ಲ ಇನ್ಮೇಲೆ ಕಂಪ್ಯೂಟರ್ ಮೆಷಿನ್ ಇರೋರಿಗೆ ಕಳಿಸೋಣ. ಅದರಲ್ಲಿ ಸಣ್ಣ ಕಟರ್ ಗಿರಗಿರ ಸುತ್ತಿ ಥ್ರೆಡ್ ಕೊರೆಯುತ್ತೆ. ನೀವು ಆರಾಮಾಗಿ ಮನೇಲಿರಿ."

ಮಾವ ತಟ್ಟೆಯಿಂದ ತಲೆ ಎತ್ತದೆ, "ಚಮಚ ಫ್ಯಾಕ್ಟರಿಯವರ ಗಡಸು ಉಕ್ಕಿನ ಪ್ಲೇಟ್ ಒಂದಿದೆಯಲ್ಲ, ಅದನ್ನ ಮುಗಿಸ್ತೀನಿ. ಅದರಲ್ಲೂ ಮುರಿದ್ರೆ ನೀನು ಹೇಳಿದ ಹಾಗೇ ಆಗಲಿ. ನಾನು ಬರೋದಿಲ್ಲ" ಎಂದರು. ಅತ್ತೆ ನೀರಿನ ಲೋಟ ಹಿಡಿದು ನಿಂತೇ ಇದ್ದರು. ನಾಲ್ಕು ತೂತಿನ ಆ ಪ್ಲೇಟು ನನ್ನ ಕಣ್ಣ ಮುಂದೆ ಬಂದು ಊಟ ಸೇರಲಿಲ್ಲ. ವರ್ಕ್‌ಶಾಪಿಲ್ಲದ ಮಾವನನ್ನು ನನಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವ ನಮ್ಮ ಮನೆಯ ಗೇಟು ತೆಗೆದರು. ಅದು ಬೀದಿಗೆಲ್ಲ ಕೇಳುವ ಹಾಗೆ ಕಿರ್ರೆಂದಿತು. ಮಾವ ಎಣ್ಣೆ ಕ್ಯಾನು ಕೈಯಲ್ಲಿ ಹಿಡಿದುಕೊಂಡೇ ಗೇಟು ದಾಟಿ ಹೊರಟುಬಿಟ್ಟರು.

ಮಾವನಿಗೆ ಆ ಸದ್ದು ಕೇಳಿಸಿರಲೇ ಇಲ್ಲ. ಹದ ಮಾಡುವವನ ಕೀರಲು ದನಿ ನೆನಪಾಯಿತು. ಪಕ್ಕದಲ್ಲೇ ಫೋನು ಹೊಡೆದುಕೊಂಡರೂ ಮಾವ ಪೇಪರು ಓದುತ್ತ ಕೂತಿರುತ್ತಿದ್ದುದು ನೆನಪಾಯಿತು. ನನ್ನ ಮಾತು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ನನ್ನ ಗಂಟಲು ಹುಟ್ಟಾ ಲೌಡ್‌ಸ್ಪೀಕರ್. ಇಷ್ಟು ದಿನ ನಾನೇ ಮೋಸ ಹೋದದ್ದು ಅದರಿಂದ.

ಮಧ್ಯಾಹ್ನ ನನ್ನ ಗಂಡ ಮಾಲು ಕೊಟ್ಟು ಬರಲು ಹೋಗಿದ್ದರು. ಕರೆಂಟು ಹೋಗಿ, ಅಕ್ಕಪಕ್ಕದ ಶೆಡ್ಡುಗಳೂ ಸುಮ್ಮನಾಗಿದ್ದವು. ಮಾವ ಪ್ಲೇಟನ್ನು ವೈಸಿನ ಕಬ್ಬಿಣದ ದವಡೆಗೆ ಬಿಗಿದು, ಕಣ್ಣು ಮುಚ್ಚಿ, ಮೊದಲ ತೂತಿಗೆ ಟ್ಯಾಪ್ ಇಳಿಸುತ್ತಿದ್ದರು. ಟ್ಯಾಪ್ ಸಣ್ಣಗೆ ಕಿರುಚಿತು. ಮಾವನ ಕೈ ಮುಂದಕ್ಕೇ ಹೋಗುತ್ತಿತ್ತು.

"ನಿಲ್ಸಿ ಮಾವ!" ಎಂದು ಹೋಗಿ ಅವರ ಮಣಿಕಟ್ಟು ಹಿಡಿದುಬಿಟ್ಟೆ.

"ಕೆಲಸದ ಮೇಲಿರೋ ಕೈ ಹಿಡೀತಾರೇನಮ್ಮ? ಬುದ್ಧಿಗಿದ್ದಿ ಇದ್ಯಾ?"

"ಟ್ಯಾಪ್ ಕಿರುಚ್ತಿದೆ ಮಾವ."

"ಎಲ್ಲಿ ಕಿರುಚ್ತು?" ಎಂದವರು ನನ್ನ ಮುಖ ನೋಡಿದರು. ಆಮೇಲೆ ಟ್ಯಾಪಿನ ಹಿಡಿಯಿಂದ ಮೆಲ್ಲಗೆ ಕೈ ತೆಗೆದರು. "ಗೊತ್ತು ಕಣಮ್ಮ. ಮನೆ ಗಡಿಯಾರಕ್ಕೆ ಹೊಸ ಸೆಲ್ ಹಾಕಿದೆ ನೋಡು, ಆಗಿಂದ ಗೊತ್ತು. ಮುಳ್ಳು ಓಡ್ತಾನೇ ಇತ್ತು. ಸದ್ದು ಮಾತ್ರ ಇರಲಿಲ್ಲ."

"ಮತ್ತೆ ಎಣ್ಣೆ ಸರಿಯಿಲ್ಲ, ಡ್ರಿಲ್ ಸರಿಯಿಲ್ಲ ಅಂತ ಊರಿಗೆಲ್ಲ ಬೈದಿದ್ದು ಯಾಕೆ?"

"ಅದರಲ್ಲಿ ಒಂದಾದ್ರೂ ಕಾರಣ ಆಗಿರ್ಲಿ ಅಂತ." ಮಾವ ಬಟ್ಟೆ ತುಂಡಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. "ಡಾಕ್ಟರ್ ಹತ್ರ ಹೋದ್ರೆ ಕಿವಿ ಹೋಯ್ತು ಅಂತಾರೆ. ಆಮೇಲೆ ನನ್ನನ್ನ ಈ ವೈಸ್ ಹತ್ರ ಯಾರು ಬಿಡ್ತಾರೆ? ಭಯ ಆಯ್ತಮ್ಮ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟೇ ಮುಂದೆ ನುಗ್ಗಿತು. "ಕಿವಿ ಇಲ್ದಿದ್ರೆ ನಾನಿಲ್ವಾ? ನೀವು ತಿರುಗ್ಸಿ. ಕಿರ್ ಅಂದ ತಕ್ಷಣ ಭುಜ ಒತ್ತುತೀನಿ" ಎಂದು ರೇಗಿದೆ.

ಮೊದಲ ತೂತು ಹಾಗೂ ಹೀಗೂ ಮುಗಿಯಿತು. ಒಂದೆರಡು ಕಡೆ ಟ್ಯಾಪ್ ಇನ್ನೇನು ಹೋಯಿತು ಅನ್ನುವಾಗ ಉಳಿಯಿತು. ಮಾವ ಬೆವರು ಒರೆಸಿಕೊಂಡರು. "ಇದಾಗೋದಲ್ಲ. ನಿನ್ನ ಕಿವಿಗೆ ಬಿದ್ದು, ನೀನು ಭುಜ ಒತ್ತಿ, ಅದು ನನ್ನ ತಲೆಗೆ ಹೋಗಿ ಕೈಗೆ ಬರೋ ಹೊತ್ತಿಗೆ ಟ್ಯಾಪ್ ಕೈಲಾಸ ಸೇರಿರುತ್ತೆ. ತಗೋ, ನೀನೇ ಹಿಡಿ."

ನಾನು ಹಿಡಿದೆ. ಮಾವ ಎದುರಿಗೆ ನಿಂತು, ಬೇರೇನೂ ಮಾಡಲು ತೋಚದೆ ಪ್ಲೇಟಿನ ಮೇಲೆ ಬೆರಳು ಊರಿದರು. ನಾನು ಕಿವಿಯೆಲ್ಲ ಟ್ಯಾಪಿನ ಕಡೆಗಿಟ್ಟು ತಿರುಗಿಸುತ್ತ ಹೋದೆ.

"ನಿಲ್ಸು" ಎಂದರು ಮಾವ.

ನನಗೆ ಏನೂ ಕೇಳಿಸಿರಲಿಲ್ಲ. ದೊಡ್ಡವರ ಮಾತು ಎಂದು ಹಿಂದಕ್ಕೆ ತಿರುಗಿಸಿದೆ. ಬೂದು ಬಣ್ಣದ ಪುಡಿ ಉದುರಿತು. ಮತ್ತೆ ಮುಂದೆ ಹೋದೆ. ಮತ್ತೆ "ನಿಲ್ಸು" ಎಂದರು. ಅಂದಾಜಿನ ಮೇಲೆ ಹೇಳುತ್ತಿದ್ದಾರೆಂದು ನನ್ನೊಳಗಿನ ಇನ್ಸ್‌ಪೆಕ್ಟರಿಗೆ ಅನುಮಾನ ಬಂತು. ಮೂರನೆಯ ಸಲ ಅವರು ಹೇಳಿದರೂ ಬೇಕೆಂದೇ ಒಂದೆಳೆ ಮುಂದಕ್ಕೆ ತಿರುಗಿಸಿದೆ. ಟ್ಯಾಪ್ ಕಿರ್ ಎಂದಿತು. ಹೆದರಿ ಹಿಂದಕ್ಕೆಳೆದುಕೊಂಡೆ.

"ನಿಲ್ಸು ಅಂದ್ನಲ್ಲ!"

"ಮಾವ, ಅದು ಕಿರುಚಿದ್ದು ಈಗ. ನೀವು ಮೊದಲೇ ಹೇಗೆ ಹೇಳಿದ್ರಿ?"

ಮಾವ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಪ್ಲೇಟ್ ಒಳಗೆ ಜುಮ್ ಅಂತು. ಅದಕ್ಕೇ ಹೇಳಿದೆ. ಇದು ಯಾವಾಗ್ಲೂ ಹೀಗೇ ಅಂತಿತ್ತೋ ಏನೋ. ಕಿವಿ ಇತ್ತಲ್ಲ, ನಾನು ಕೈಯನ್ನ ಕೇಳೇ ಇರಲಿಲ್ಲ."

ಮೂರನೆಯ ತೂತಿಗೆ ಹಿಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡರೆಂದೇ ಹೇಳಬೇಕು. ಬಲಗೈಯಲ್ಲಿ ಟ್ಯಾಪು, ಎಡಗೈ ಬೆರಳು ಪ್ಲೇಟಿನ ಮೇಲೆ. ನಾನು ತುಟಿ ಕಚ್ಚಿಕೊಂಡು ಪಕ್ಕದಲ್ಲಿ ನಿಂತು ಕಿವಿಗೊಟ್ಟೆ. ಟ್ಯಾಪ್ ಒಂದು ಸಲವೂ ಕಿರುಚಲಿಲ್ಲ. ಅಷ್ಟರೊಳಗೆ ಅವರ ಕೈ ಹಿಂದಕ್ಕೆ ತಿರುಗಿರುತ್ತಿತ್ತು. ನಾಲ್ಕನೆಯದೂ ಮುಗಿದ ಮೇಲೆ ನಾನು ಅಳತೆಯ ಬೋಲ್ಟು ಹಾಕಿ ನೋಡಿದೆ. ಬೆರಳಲ್ಲಿ ತಿರುಗಿಸಿದರೆ ಸಾಕು, ತಳದವರೆಗೂ ಹೋಯಿತು. ಆಗ ಅತ್ತುಬಿಟ್ಟೆ. ಮಾವ ಅದನ್ನು ಕಂಡೂ ಕಾಣದವರಂತೆ ಪ್ಲೇಟು ಒರೆಸುತ್ತಿದ್ದರು.

ಅಷ್ಟು ಹೊತ್ತಿಗೆ ನನ್ನ ಗಂಡ ಬಂದರು. ನನ್ನ ಕೆಂಪು ಕಣ್ಣು ನೋಡಿ, "ಮುರೀತಾ?" ಎಂದು ಮೆಲ್ಲಗೆ ಕೇಳಿದರು. ನಾನು ಬೋಲ್ಟುಗಳನ್ನು ಅವರ ಕೈಗಿಟ್ಟೆ. ಅವರು ನಾಲ್ಕೂ ತೂತಿಗೆ ಹಾಕಿ ತೆಗೆದು, ನಂಬಿಕೆ ಬಾರದೆ ಮೊದಲನೆಯದಕ್ಕೆ ಮತ್ತೆ ಹಾಕಿ ನೋಡಿದರು.

ಮಾವ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದರು. "ನಾಳೆ ಕಿವಿ ಡಾಕ್ಟರ್ ಹತ್ರ ಹೋಗ್ಬೇಕು, ಯಾರಾದ್ರೂ ಜೊತೇಲಿ ಬನ್ನಿ" ಎಂದರು.

"ಕಿವಿಗೇನಾಯ್ತಪ್ಪಾ?"

"ಕೇಳ್ಸಲ್ಲ" ಎಂದರು ಮಾವ, ಎಣ್ಣೆ ಮುಗಿದಿದೆ ಅನ್ನುವಷ್ಟು ಸಲೀಸಾಗಿ.

ನನ್ನ ಗಂಡ ಪ್ಲೇಟನ್ನೂ ಅವರನ್ನೂ ನೋಡಿದರು. "ಮತ್ತೆ ಕೆಲಸ?"

"ಕೆಲಸಕ್ಕೆ ಕೈ ಸಾಕು ಕಣೋ. ಕಿವಿ ನಿಮ್ಮ ಜೊತೆ ಮಾತಾಡೋಕೆ ಬೇಕು."