ಟ್ವೈಲಾ ಆರಿಸಿಕೊಂಡ ಕೋರ್ಟು

ಟ್ವೈಲಾ ಸ್ಟ್ಯಾಂಪರ್ ಒಕ್ಲಹೋಮಾದ ಟಲ್ಸಾ ಸುತ್ತಿನ ಹಳ್ಳಿಗಳಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಹೆಂಗಸು. ಅಪ್ಪ ಕಲಿಸಿದ ಕಸುಬು. ಹೆಂಗಸಿನ ಕೈಗೆ ಕುದುರೆ ಕಾಲು ಕೊಟ್ಟೀತೇ ಎಂದು ಮೊದಲು ನಕ್ಕವರೇ ಆಮೇಲೆ ಅವಳಿಗಾಗಿ ವಾರಗಟ್ಟಲೆ ಕಾಯತೊಡಗಿದರು. ಹಿಂಬದಿಗೆ ಕುಲುಮೆ, ಕಬ್ಬಿಣ ಬಡಿಯುವ ಅಡೆಗಲ್ಲು ಕೂರಿಸಿದ ಒಂದು ಟ್ರಕ್ಕು ಮತ್ತು ಜುನಿಪರ್ ಎಂಬ ಕಂದು ಬಣ್ಣದ ಹೆಣ್ಣುಕುದುರೆ. ಗಂಡ ಬಿಟ್ಟುಹೋದ ಮೇಲೆ ಅವಳ ಸಂಸಾರವೆಂದರೆ ಇಷ್ಟೇ.

ಒಂದು ಶರತ್ಕಾಲದಲ್ಲಿ ಪಳಗದ ಗಂಡುಕುದುರೆಯೊಂದು ಒದ್ದ ಏಟಿಗೆ ಅವಳ ಸೊಂಟದ ಮೂಳೆ ಮುರಿಯಿತು. ಎರಡು ಸಲ ಆಪರೇಷನ್ ಆಯಿತು. ವಿಮೆ ಇರಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಬಾಡಿಗೆ ಮನೆ ಕೈಬಿಟ್ಟುಹೋಗಿ, ಟ್ರಕ್ಕು, ಕುದುರೆ ಸಮೇತ ಅಕ್ಕ ನಡೀನಳ ಮನೆ ಸೇರಿದಳು. ಅಕ್ಕನ ಊರು ಜಾಪ್ಲಿನ್. ಎರಡು ಗಂಟೆಯ ದಾರಿಯಾದರೂ ಅದು ಮಿಸ್ಸೌರಿ, ಬೇರೆ ರಾಜ್ಯ. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು.

ಸಾಲದವರು ಅಲ್ಲಿಗೂ ಹುಡುಕಿಕೊಂಡು ಬಂದರು. ಕೊನೆಗೆ ಒಂದು ಬೆಳಿಗ್ಗೆ ನಡೀನಳೇ ಬಾಯಿಬಿಟ್ಟಳು.

"ಪಾಪರ್ ಚೀಟಿ ತಗೊಂಡ್ಬಿಡೇ. ಇಲ್ಲೇ ತಗೋ. ಈ ಊರಲ್ಲಿ ನೀನ್ಯಾರು ಅಂತ ಯಾರಿಗ್ಗೊತ್ತು? ಅಲ್ಲಿಗೆ ಹೋದ್ರೆ ಅಂಗಡಿ ಅಂಗಡೀಲೂ ನಿಂದೇ ಮಾತು."

ಟ್ವೈಲಾಗೂ ಅದೇ ಸರಿ ಅನ್ನಿಸಿತು. ಇಬ್ಬರೂ ಊರಿನ ವಕೀಲ ಕರ್ಟಿಸ್ ಓಡೆಲ್ ಹತ್ತಿರ ಹೋದರು. ಅವನು ಕೇಳಿದ ಮೊದಲ ಮಾತೇ, "ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?"

"ಎರಡು ತಿಂಗಳಾಗ್ತಾ ಬಂತು."

"ಹಾಗಾದ್ರೆ ಇವತ್ತಿಗೆ ಇಲ್ಲಿನ ಕೋರ್ಟು ನಿಮ್ಮದಲ್ಲ. ಹಿಂದಿನ ಆರು ತಿಂಗಳಲ್ಲಿ ಹೆಚ್ಚು ಕಾಲ ಎಲ್ಲಿದ್ರೋ ಅಲ್ಲೇ ಅರ್ಜಿ ಹಾಕ್ಬೇಕು. ಇನ್ನೊಂದು ತಿಂಗಳು ಚಿಲ್ಲರೆ ಕಾದ್ರೆ ಇಲ್ಲೇ ಹಾಕ್ಬಹುದು. ಆದ್ರೆ ಅಷ್ಟೊತ್ತಿಗೆ ಅಲ್ಲಿನ ಬಾಗಿಲು ಮುಚ್ಚಿರುತ್ತೆ."

"ಕಾಯ್ತಾಳೆ ಬಿಡಿ," ಅಂದಳು ನಡೀನ್.

"ಸಾಲ ಎರಡು ಕಡೇನೂ ಹೋಗುತ್ತೆ ಅಮ್ಮಾ. ಕೈಯಲ್ಲಿ ಏನು ಉಳಿಯುತ್ತೆ ಅನ್ನೋದೇ ಮುಖ್ಯ. ಇಲ್ಲಿ ಕಸುಬಿನ ಸಾಮಾನು ಅಂತ ಕೋರ್ಟು ನಿಮ್ಮ ಕೈಯಲ್ಲಿ ಬಿಡೋದು ಕಡಿಮೆ, ನಿಮ್ಮ ಟ್ರಕ್ಕು ಹರಾಜಿಗೆ ಹೋದ್ರೂ ಹೋಯ್ತು. ಒಕ್ಲಹೋಮಾದಲ್ಲಿ ಅದಕ್ಕೆ ಹೆಚ್ಚು ಬಿಡ್ತಾರೆ. ಅದರ ಮೇಲೆ ಕುದುರೇನೂ ಬಿಡ್ತಾರೆ."

"ಕುದುರೇನಾ?" ನಡೀನ್ ನಕ್ಕೇಬಿಟ್ಟಳು.

"ಒಂದಲ್ಲ, ಎರಡು. ಜೀನು, ಕಡಿವಾಣ ಸಮೇತ. ಹಳೇ ಕಾಲದೋರು ಬರೆದಿಟ್ಟಿದ್ದು, ಯಾರೂ ತೆಗೆದುಹಾಕಿಲ್ಲ. ನಾನು ಅಲ್ಲಿ ವಾದ ಮಾಡೋಹಾಗಿಲ್ಲ. ಟಲ್ಸಾದಲ್ಲಿ ಒಬ್ಬರ ಹೆಸರು ಕೊಡ್ತೀನಿ. ಬಂದ ಗಿರಾಕೀನ ನಾನೇ ಓಡಿಸ್ತಿದೀನಿ ನೋಡಿ!"

ದಾರಿಯುದ್ದಕ್ಕೂ ನಡೀನ್ ಗೊಣಗಿದಳು. "ಮಾನಕ್ಕಿಂತ ಟ್ರಕ್ಕು ಹೆಚ್ಚಾಯ್ತಾ ನಿಂಗೆ?"

"ಟ್ರಕ್ಕಿಲ್ದೆ ನನಗ್ಯಾವ ಮಾನ ಅಕ್ಕಾ? ನಿನ್ನ ಸೋಫಾ ಮೇಲೆ ಕೂತು ತಿನ್ನೋದಾ? ಅಲ್ಲೇ ಹಾಕ್ತೀನಿ. ಈ ತಿಂಗಳೇ."

ಹೇಳಿದ್ದು ಸುಲಭ. ಅಲ್ಲಿ ಹಾಲಿಸ್ ವ್ಯಾಡ್ಲಿ ಇದ್ದ. ಅವಳಿಗೆ ಇಪ್ಪತ್ತು ವರ್ಷದಿಂದ ಲಾಳ, ಮೊಳೆ ಕೊಡುತ್ತಿದ್ದ ಅಂಗಡಿಯವನು. ಅವಳು ಹಾಸಿಗೆ ಹಿಡಿದಾಗ ಜುನಿಪರ್‌ಗೆ ಕಡವಾಗಿ ಮೇವು ಹಾಕಿದವನು. ಜೀನು ಮಾರಿ ಅವನದೊಂದನ್ನು ಮೊದಲೇ ತೀರಿಸಿಬಿಡುವುದು ಟ್ವೈಲಾಳ ಲೆಕ್ಕಾಚಾರವಾಗಿತ್ತು. ಟಲ್ಸಾದ ವಕೀಲೆ ತಲೆಯಾಡಿಸಿದಳು: "ಹಾಗೆ ಮಾಡೋಹಾಗಿಲ್ಲ. ಒಬ್ಬರಿಗೆ ಗುಟ್ಟಾಗಿ ಕೊಟ್ರೆ, ಕೋರ್ಟಿನೋರು ಅದನ್ನ ಅವರ ಕೈಯಿಂದ ವಾಪಸ್ ಕಿತ್ಕೋಬಹುದು. ಸಾಲ ಕೊಟ್ಟ ಎಲ್ಲರ ಹೆಸರೂ ಅರ್ಜೀಲಿ ಬರಲೇಬೇಕು."

ಟ್ವೈಲಾ ಅಲ್ಲಿಂದ ನೇರ ಹಾಲಿಸ್‌ನ ಅಂಗಡಿಗೇ ಟ್ರಕ್ಕು ಬಿಟ್ಟಳು. ಕೋಲೂರಿಕೊಂಡು ಒಳಗೆ ಹೋದಾಗ ಅವನು ಓಟ್ಸ್ ಚೀಲದ ಬಾಯಿ ಕಟ್ಟುತ್ತಿದ್ದ.

"ಕಾಗದ ಬರೋ ಮುಂಚೆ ನನ್ನ ಬಾಯಿಂದಲೇ ಕೇಳಿ ಅಂತ ಬಂದೆ ಹಾಲಿಸಣ್ಣ. ನಾನು ಪಾಪರ್ ಆಗ್ತಿದೀನಿ. ಅದ್ರಲ್ಲಿ ನಿಮ್ಮ ಸಾಲಾನೂ ಸೇರಿದೆ."

ಅವನು ತಲೆ ಎತ್ತಲಿಲ್ಲ. "ಆಸ್ಪತ್ರೆಯೋರ ಜೊತೆ ಒಂದೇ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದ್ಯಾ? ಅವರೇನು ನಿನ್ನ ಕುದುರೆಗೆ ಮೇವು ಹಾಕಿದ್ರಾ?"

"ಇಲ್ಲ. ನೀವು ಹಾಕಿದ್ರಿ."

"ಮಿಸ್ಸೌರಿಗೆ ಹೋದವಳು ಅಲ್ಲೇ ಏನಾದ್ರೂ ಮಾಡ್ಕೊಂಡು ಸಾಯ್ಬಾರ್ದಿತ್ತಾ? ಇಲ್ಲೇ ಬಂದು ನನ್ನ ಮುಖಕ್ಕೆ ಹೊಡೀಬೇಕಿತ್ತಾ?"

"ಅಲ್ಲಿ ಹಾಕಿದ್ರೂ ನಿಮ್ಮನ್ನ ಬಿಡೋಹಾಗಿರ್ಲಿಲ್ಲ. ಮೇಲಾಗಿ ಟ್ರಕ್ಕೂ ಹೋಗ್ತಿತ್ತು. ಟ್ರಕ್ಕಿದ್ರೆ ದುಡೀತೀನಿ, ದುಡಿದ್ರೆ ನಿಮ್ಮದು ಕೊಡ್ತೀನಿ. ಕೊಡಲೇಬೇಕು ಅಂತ ಕೋರ್ಟು ಹೇಳಲ್ಲ. ನಾನು ಹೇಳ್ತಿದೀನಿ."

"ಎಲ್ರೂ ಹೇಳೋದೇ ಅದು."

"ಹೌದು, ಎಲ್ರೂ ಹೇಳ್ತಾರೆ," ಅಂದಳು ಟ್ವೈಲಾ. ಕೋಲೂರಿಕೊಂಡು ಹೊರಗೆ ಬಂದಳು. ಟ್ರಕ್ಕು ಹತ್ತುವಾಗ ಸೊಂಟ ಚಳುಕು ಹೊಡೆಯಿತು. ಹಲ್ಲು ಕಚ್ಚಿಕೊಂಡು ಹತ್ತಿದಳು.

ಅರ್ಜಿ ಹಾಕಿದ ಮುಂದಿನ ತಿಂಗಳು ಸಾಲ ಕೊಟ್ಟವರನ್ನು ಕರೆದು ಕೇಳುವ ದಿನ ಬಂತು. ಆಸ್ಪತ್ರೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬಂದವನು ಹಾಲಿಸ್ ಒಬ್ಬನೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಟ್ರಕ್ಕಿನ ಬೆಲೆ ಟ್ವೈಲಾ ಹೇಳಿದ್ದಕ್ಕಿಂತ ಹೆಚ್ಚು ಎಂದು ಇವನೊಂದು ಮಾತು ತೆಗೆದರೆ ಅದು ಹರಾಜಿಗೆ ಹೋದಂತೆಯೇ. ಕೋರ್ಟು ನೇಮಿಸಿದ ಅಧಿಕಾರಿ, ಕೇಳುವುದಿದ್ದರೆ ಕೇಳಿ ಎಂದಾಗ ಹಾಲಿಸ್ ಎದ್ದುನಿಂತ.

"ಒಂದೇ ಮಾತು ಕೇಳ್ಬೇಕು. ಈ ಸೊಂಟ ಇಟ್ಕೊಂಡು ಕುದುರೆ ಅಡಿಗೆ ಬಗ್ಗೋಕಾಗುತ್ತಾ ಇವಳಿಗೆ?"

"ಈಗ ದಿನಕ್ಕೊಂದು ಕುದುರೆ ಮಾಡ್ತಿದೀನಿ," ಅಂದಳು ಟ್ವೈಲಾ. "ಬೇಸಿಗೆಗೆ ಇನ್ನೂ ಹೆಚ್ಚು ಮಾಡ್ತೀನಿ."

"ಅಷ್ಟೇ ನನ್ನದು," ಎಂದು ಕೂತುಬಿಟ್ಟ.

ಟ್ರಕ್ಕು ಉಳಿಯಿತು, ಜುನಿಪರ್ ಉಳಿದಳು. ಬೇಸಿಗೆಯ ಕೊನೆಗೆ ಸಾಲ ರದ್ದಾದ ಆದೇಶವೂ ಬಂತು. ಟ್ವೈಲಾ ಜಾಪ್ಲಿನ್‌ನಲ್ಲೇ ಒಂದು ಕೋಣೆ ಹಿಡಿದು ಗಡಿಯ ಎರಡೂ ಬದಿಗೆ ಲಾಳ ಹೊಡೆಯುತ್ತ ತಿರುಗಿದಳು. ಟಲ್ಸಾ ಕಡೆ ಹೋದಾಗಲೆಲ್ಲ ಹಾಲಿಸ್‌ಗೆ ಕೈಲಾದಷ್ಟು ಕೊಡುತ್ತ ಬಂದಳು. ಅವನು ಬೇಡವೆನ್ನಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ. ಕಡ ಕೊಡುವುದನ್ನು ಮಾತ್ರ ಪೂರಾ ನಿಲ್ಲಿಸಿದ್ದ: "ಕಾಸು ಮೊದ್ಲು, ಮೊಳೆ ಆಮೇಲೆ."

ಮರುವರ್ಷ ಮೊಮ್ಮಗಳಿಗೆಂದು ಅವನೊಂದು ಸಣ್ಣ ಕುದುರೆ ತಂದ. ಅದು ಯಾರಿಗೂ ಕಾಲು ಕೊಡಲೊಲ್ಲದು. ಎರಡು ದಿನ ಹೆಣಗಾಡಿ, ಕೊನೆಗೆ ಟ್ವೈಲಾಗೆ ಫೋನು ಮಾಡಿದ. ಅವಳು ಬಂದು, ಅದರ ಹೊಟ್ಟೆಗೆ ಭುಜ ಒತ್ತಿ ನಿಂತು ಹಿಂಗಾಲೆತ್ತಿಕೊಂಡಳು. ಹಾಲಿಸ್ ಹಗ್ಗ ಹಿಡಿದು ಏನೋ ಹೇಳಲು ಬಾಯಿ ತೆರೆದ.

"ಮಾತು ಆಮೇಲೆ," ಎಂದು ಗದರಿದಳು ಟ್ವೈಲಾ. "ಹಗ್ಗ ಬಿಗಿಯಾಗಿ ಹಿಡ್ಕೊಳ್ಳಿ."