ಸುತ್ತ ಕಬ್ಬು, ನಡುವೆ ಜೋಳ

೧೯೯೭ರಲ್ಲಿ ಎಂಟನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟೆ. ಓದಿನಲ್ಲಿ ಹಿಂದೆ ಬಿದ್ದು ಬಿಟ್ಟದ್ದಲ್ಲ; ಅಪ್ಪನ ಕೈ ಸೋತಿತ್ತು, ಎತ್ತು ಹೂಡಲು ಬೇರೆ ಆಳು ಇರಲಿಲ್ಲ. ಅಂದಿನಿಂದ ಯಾರ ಮುಂದೂ ಕೈಚಾಚಿದವನಲ್ಲ.

ಕುಲಗೋಡದಲ್ಲಿ ನಮ್ಮ ಹೊಲದ ಸುತ್ತ ಈಗ ಎಲ್ಲಿ ನೋಡಿದರೂ ಕಬ್ಬು. ನನ್ನದೂ ಎರಡು ಎಕರೆ ಕಬ್ಬೇ. ಉಳಿದ ಒಂದು ಎಕರೆಗೆ ಹೋದ ಹಿಂಗಾರಿಯಲ್ಲಿ ಹಟಕ್ಕೆ ಬಿದ್ದು ಬಿಳಿಜೋಳ ಬಿತ್ತಿದೆ. ಮನೆಗೆ ರೊಟ್ಟಿ, ಎಮ್ಮೆಗೆ ಕಣಿಕೆ. ಹೊಲ ಇದ್ದೂ ಜೋಳ ಕೊಂಡು ತಿನ್ನುವುದು ನನಗೆ ಸೇರುವುದಿಲ್ಲ.

ತೆನೆ ಹಾಲುಗಟ್ಟಿದ್ದೇ ತಡ, ಗುಬ್ಬಿ, ಗಿಳಿ, ಬೆಳವ ಹಿಂಡುಗಟ್ಟಿ ಬಂದವು. ಕಂಬ ನೆಟ್ಟು ಅಟ್ಟ ಕಟ್ಟಿದೆ, ಕವಣೆ ಹಿಡಿದು ಹತ್ತಿದೆ. ಗೋಕಾಕದ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಓದುವ ಮಗಳು ಬುತ್ತಿ ತಂದವಳು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಅಪ್ಪಾ, ಹಕ್ಕಿ ಹೆಚ್ಚಾಗಿಲ್ಲ. ಅವು ಉಣ್ಣೂ ಹೊಲಾ ಕಡಿಮಿ ಆಗ್ಯಾವ."

ಖರೆ ಮಾತು. ಅಪ್ಪನ ಕಾಲಕ್ಕೆ ಊರೆಲ್ಲ ಜೋಳ; ಹಕ್ಕಿ ತಿಂದದ್ದು ಯಾರಿಗೂ ತಟ್ಟುತ್ತಿರಲಿಲ್ಲ. ಆದರೆ ತಿಳಿಯಿತೆಂದು ಅಟ್ಟ ಇಳಿಯಲು ಬರುತ್ತದೆಯೇ? ನಾಲ್ಕೂ ಕಡೆ ತಲೆ ಮೀರಿದ ಕಬ್ಬು, ಗಾಳಿ ಆಡದು. ಗೋಕಾಕದ ಬಸ್ಸು ಹೋಗುವುದು ಕೇಳುತ್ತದೆ, ಕಾಣುವುದಿಲ್ಲ.

ಅಷ್ಟರಲ್ಲಿ ಹುಕ್ಕೇರಿ ಕಡೆಯ ದಡ್ಡಿಯಿಂದ ತಂಗಿಯ ಕರೆ ಬಂತು. ಅವಳ ಮಗನ ಜವಳ. ಮೊದಲ ಕೂದಲು ಸೋದರಮಾವನೇ ಕತ್ತರಿಸಬೇಕು. ಅವಳಿಗೆ ಅಣ್ಣನೆಂದರೆ ನಾನೊಬ್ಬನೇ. ಮಗಳಿಗೆ ಅಂದೇ ಪರೀಕ್ಷೆ. ಹೆಂಡತಿಗೆ ಕವಣೆ ಬೀಸಲು ಭುಜ ಏಳದು. ಎಂದೂ ಕೇಳದವನು ಬಾಜೂ ಹೊಲದ ಕಾಕಾನ ಹತ್ತಿರ ಹೋಗಿ, ಒಂದು ದಿನ ಕಾಯುತ್ತೀರಾ ಎಂದು ಕೇಳಿದೆ. ನನ್ನ ಕವಣೆಯ ಕಲ್ಲುಗಳು ತಮ್ಮ ಕಬ್ಬಿನಲ್ಲಿ ಬೀಳುತ್ತವೆಂದು ಅವರಿಗೆ ಮೊದಲೇ ಸಿಟ್ಟು.

"ಊರ ಹಕ್ಕಿಗೆಲ್ಲಾ ನೀ ಒಬ್ಬಾವ ಖಾನಾವಳಿ ತಗದಿ," ಎಂದು ನಕ್ಕರು. "ಕಾಯ್ತೇನೋ ತಮ್ಮಾ. ಖರೆ ಮುಂದಿನ ವರ್ಷ ಅಲ್ಲೂ ಕಬ್ಬ ಹಚ್ಚತೇನಿ ಅಂತ ಮಾತ ಕೊಡು."

ಕೊಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು, ಅದೇ ತೊಡಕು. ಆ ದಿನ ಹೆಂಡತಿಯೊಬ್ಬಳನ್ನೇ ಬಸ್ಸು ಹತ್ತಿಸಿ, ತಂಗಿಗೆ ತಿಳಿಸದೆ ಬಂದು ಅಟ್ಟ ಹತ್ತಿದೆ.

ಜವಳದ ಹೊತ್ತಿಗೆ ತಂಗಿ ಫೋನ್ ಮಾಡಿದಳು. "ಅಣ್ಣಾ, ವೈನಿ ಏನೂ ಹೇಳವಲ್ಲರು. ಎಲ್ಲಿ ಬಂದಿ? ಕೂಸು ಅಳಾಕತ್ತೇತಿ."

ಗೋಕಾಕ ದಾಟಿದೆ ಎನ್ನಲು ಬಾಯಿ ತೆರೆದೆ. ಆಗಲೇ ಗಿಳಿಗಳು ಇಳಿದವು. ಗಂಟಲು ತಾನಾಗಿ 'ಹೋ' ಎಂದು ಕೂಗಿತು.

"ಹೊಲದಾಗ ಅದಿ," ಅಂದಳು, ಫೋನ್ ಇಟ್ಟಳು. ಮೊದಲ ಕೂದಲನ್ನು ಬೇರೆ ಯಾರೋ ಕತ್ತರಿಸಿದರಂತೆ.

ಈ ಹಿಂಗಾರಿಗೂ ಬಿತ್ತಿದ್ದೇನೆ. ಸುತ್ತ ಮತ್ತೆ ಯಾರೂ ಬಿತ್ತಿಲ್ಲ. ಈಗ ನನಗಿರುವುದು ಮೂರು ಎಕರೆ ಹೊಲ, ಒಂದು ಎಮ್ಮೆ, ಹಕ್ಕಿ ಬಿಟ್ಟ ಎರಡು ಚೀಲ ಜೋಳ, ಓದುವ ಒಬ್ಬ ಮಗಳು, ಮಾತು ಬಿಟ್ಟ ಒಬ್ಬ ತಂಗಿ.