ಹತ್ತಿ ನೋಡುವ ಕೈ

ಕೊಟ್ರಪ್ಪನವರೇ, ನಿಮ್ಮ ಕೆಲಸ ಬಿಡಿಸಿದವನು ನಾನು. ರಾಜೀನಾಮೆ ಬರೆದದ್ದು ನೀವೇ, ಸಹಿಯೂ ನಿಮ್ಮದೇ — ಆದರೂ ಬಿಡಿಸಿದವನು ನಾನು.

ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಾನು ಹೆದರಿದ್ದು ಒಂದೆರಡಕ್ಕಲ್ಲ. ನೀವು ಬಳ್ಳಾರಿಯ ಕಾರ್ಮಿಕ ಕಚೇರಿಗೆ ಹೋಗಬಹುದು. ಹಮಾಲರು ಮಿಲ್ಲಿನ ಗೇಟಿಗೆ ಅಡ್ಡ ಕೂರಬಹುದು. ನಿಮ್ಮ ತಮ್ಮಂದಿರು ಹಡಗಲಿಯಿಂದ ಬಂದು ನನ್ನ ಕಾಲರ್ ಹಿಡಿಯಬಹುದು. ವಿಚಾರಣೆಯಲ್ಲಿ ನನಗೆ ಮಾತೇ ಹೊರಡದಿರಬಹುದು, ಕೊನೆಗೆ ಮಿಲ್ಲಿನ ಸಾಹುಕಾರರು ನನ್ನನ್ನೇ ಮನೆಗೆ ಕಳಿಸಬಹುದು... ಹೆಸರಿಗೆ ಮ್ಯಾನೇಜರ್; ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಓಣಿ ದಾಟಿದ ಮೇಲೆ ಮತ್ತೆ ವಾಪಸು ಬರುವ ಪ್ರಾಣಿ ನಾನು.

ಸಾಹುಕಾರರ ಅಳಿಯನಿಗೆ ನಿಮ್ಮ ಜಾಗ ಬೇಕಿತ್ತು. ತೆಗೆದರೆ ಮೂರು ತಿಂಗಳು ಮೊದಲೇ ನೋಟಿಸು ಕೊಡಬೇಕು, ಕಾರಣ ಬರೆಯಬೇಕು. ಇಪ್ಪತ್ತೆರಡು ವರ್ಷ ಹತ್ತಿಯ ಎಳೆ ಜಗ್ಗಿ ನೋಡಿ ದರ್ಜೆ ಹೇಳಿದ ನಿಮ್ಮ ಮೇಲೆ ಏನೆಂದು ಬರೆಯುವುದು?

"ತೆಗಿಬ್ಯಾಡ್ರಿ ಮ್ಯಾನೇಜರೇ," ಎಂದರು ಸಾಹುಕಾರರು. "ತಾನ ಹೋಗೂ ಹಂಗ ಮಾಡ್ರಿ."

ಮಾಡಿದೆ. ಸದ್ಯಕ್ಕೆಂದು ನಿಮ್ಮ ಜಾಗದಲ್ಲಿ ಅಳಿಯನನ್ನು ನಿಲ್ಲಿಸಿ, ಲಾರಿ ನಂಬರ್ ಬರೆಯಲು ನಿಮ್ಮನ್ನು ಗೇಟಿನಲ್ಲಿ ಕೂರಿಸಿದೆ. ಕೂಡ್ಲಿಗಿ ಕಡೆಯ ರೈತರು ಅಲ್ಲಿಗೂ ಬಂದರು. "ಕೊಟ್ರಪ್ಪಣ್ಣ, ಒಂಚೂರು ಹಿಡದು ನೋಡಪಾ. ಆ ಅಳಿಯಪ್ಪಗ ಹತ್ತಿ ಮ್ಯಾಲ ಮಲಗೋದೊಂದ ಗೊತ್ತೈತಿ!" ಅದನ್ನೂ ನಿಲ್ಲಿಸಿದೆ — ಗೇಟಿನಲ್ಲಿ ಹತ್ತಿ ಮುಟ್ಟಬಾರದೆಂದು ಬೋರ್ಡು ಬರೆಸಿದೆ. ಇಂಥ ಬೋರ್ಡು ಇರುವ ಹತ್ತಿ ಮಿಲ್ಲು ಲೋಕದಲ್ಲಿ ಇನ್ನೊಂದಿರಲಾರದು.

ಹನ್ನೊಂದನೆಯ ದಿನ ನೀವು ನನ್ನ ಮೇಜಿನ ಮುಂದೆ ನಿಂತಿರಿ.

"ಖರೇ ಹೇಳ್ರಿ. ನನ್ನ ಕೈ ಕೆಟ್ಟೈತೇನ್ರಿ?"

ಅಳಿಯನಿಗೆ ಜಾಗ ಮಾಡಲೆಂದೇ ನಿಮ್ಮನ್ನು ಸರಿಸಿದ ಸಂಗತಿ ಒಂದು ವಾಕ್ಯದ್ದು. ನಾಲಿಗೆಯ ತುದಿಗೂ ಬಂದಿತ್ತು — ಆದರೆ ಅದನ್ನು ಹೇಳಿದರೆ ನೀವು ಹೋಗಲಿಕ್ಕಿಲ್ಲ...

"ಹೌದ್ರಿ," ಎಂದೆ. "ಇತ್ತಿತ್ಲಾಗ ದರ್ಜೆ ತಪ್ಪಾಕತ್ತೈತಿ."

ನೀವು ಜಗಳವಾಡಲಿಲ್ಲ. ಅಲ್ಲೇ ಕುಳಿತು ಬರೆದುಕೊಟ್ಟಿರಿ. ಮಿಲ್ಲಿಗೆ ತೊಂದರೆಯಾಗದಿರಲೆಂದು ಒಂದು ತಿಂಗಳು ಮುಂಚಿತವಾಗಿ ತಿಳಿಸುತ್ತಿದ್ದೇನೆ, ಅಲ್ಲಿಯವರೆಗೂ ಬರುತ್ತೇನೆ ಎಂದು! ನಮ್ಮಿಬ್ಬರಲ್ಲಿ ನೋಟಿಸು ಕೊಟ್ಟವರು ನೀವು. ನಾನು ಅದನ್ನೂ ಬೇಡವೆಂದೆ. "ಇವತ್ತಿಗೇ ಸಾಕು ಬಿಡ್ರಿ."

ಕಾರ್ಮಿಕ ಕಚೇರಿಯಿಂದ ಕಾಗದ ಬರಲಿಲ್ಲ. ಹಮಾಲರು ಅಡ್ಡ ಕೂರಲಿಲ್ಲ. ನನ್ನ ಕಾಲರ್ ಇಸ್ತ್ರಿ ಮುರಿಯದೆ ಉಳಿಯಿತು, ನೌಕರಿಯೂ.

ಮರುವರ್ಷ ಹರಪನಹಳ್ಳಿ ಸಂತೆಯಲ್ಲಿ ದೂರದಿಂದ ನಿಮ್ಮನ್ನು ಕಂಡೆ. ಯಾರೋ ರೈತ ಒಂದು ಹಿಡಿ ಹತ್ತಿ ಚಾಚಿ ಏನೋ ಕೇಳುತ್ತಿದ್ದ. ನೀವು ಇಲ್ಲವೆಂದು ತಲೆಯಾಡಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಿ.